ಸರ್ಗೋಧಾದಿಂದ ಹಿಂತಿರುಗದ ಮಿಸ್ಟೇರ್: ಅಜ್ಜಮಾಡ ದೇವಯ್ಯ

ಹೆಸರಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅಲ್ಲೇ ಹಲವರು ಎಡವುತ್ತಾರೆ. ಅಜ್ಜಮಾಡ ಬೋಪಯ್ಯ ದೇವಯ್ಯ, 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ಯುದ್ಧವಿಮಾನದಲ್ಲಿ ಹೋಗಿ ಹಿಂತಿರುಗದ ನಮ್ಮ ವಾಯುಪಡೆಯ ಪೈಲಟ್. 'ಅಜ್ಜಮಾಡ' ಊರಿನ ಹೆಸರಲ್ಲ, ಒಕ್ಕದ ಹೆಸರು, ಅಂದರೆ ಮನೆತನದ್ದು. ಕೊಡವರಲ್ಲಿ ಒಕ್ಕ ಮೊದಲು, ನಂತರ ತಂದೆಯ ಹೆಸರು, ಕೊನೆಗೆ ಅವರವರ ಹೆಸರು. ವಾಯುಪಡೆಯ ಕಾಗದಗಳಲ್ಲಿ ಅದು ಎ.ಬಿ. ದೇವಯ್ಯ ಎಂದಾಯಿತು. ಮಡಿಕೇರಿಯ ವೃತ್ತವೊಂದಕ್ಕೆ ಈಗ ಅವರ ಹೆಸರಿದೆ, ಪ್ರತಿಮೆಯೂ ನಿಂತಿದೆ.

2025ರಲ್ಲಿ ಬಂದ ಹಿಂದಿ ಚಿತ್ರವೊಂದು ಅವರ ಕತೆಯನ್ನು ಹೆಸರು ಬದಲಿಸಿ ಹೇಳಿತು. ಆಮೇಲೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುವ ಬರಹಗಳಲ್ಲಿ ದೇವಯ್ಯ ಅವರು ರೋಷ ಉಕ್ಕಿ, ಹಿಂದುಮುಂದು ನೋಡದೆ ಶತ್ರುವಿನ ಮೇಲೆ ಬಿದ್ದವರಂತೆ ಕಾಣುತ್ತಾರೆ. ಅದನ್ನು ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಅವರು ಹಾರಾಟ ಕಲಿಸುತ್ತಿದ್ದ ಮೇಷ್ಟರು. ತನ್ನ ವಿಮಾನ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಅವರಿಗೆ ಅಂಗೈಯಷ್ಟು ಸ್ಪಷ್ಟವಿತ್ತು. 1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ಅವರು ಮಾಡಿದ್ದು ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಇಂಧನ, ರೆಕ್ಕೆ, ಗುಂಡು, ಬೆಳಕು ಈ ನಾಲ್ಕರ ಲೆಕ್ಕ ಗೊತ್ತಿರಬೇಕು.

ಅವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ಅದೇ ವರ್ಷದ ಅಕ್ಟೋಬರ್ 8ರಂದು ಭಾರತೀಯ ವಾಯುಪಡೆ ಸ್ಥಾಪನೆಯಾಗಿತ್ತು. ಅವರು ಮುಂದೆ ಸೇರಲಿದ್ದ ನಂ. 1 ಸ್ಕ್ವಾಡ್ರನ್, 'ಟೈಗರ್ಸ್' ಎಂದು ಕರೆಸಿಕೊಳ್ಳುವ ಅತ್ಯಂತ ಹಳೆಯ ದಳ, ಕರಾಚಿಯಲ್ಲಿ ಆರಂಭವಾದದ್ದು 1933ರ ಏಪ್ರಿಲ್ 1ಕ್ಕೆ. ಅಂದರೆ ಪಡೆಯೂ ದಳವೂ ಹೆಚ್ಚುಕಡಿಮೆ ಅವರ ಓರಗೆಯವು. ಕೊಡಗಿನಲ್ಲಿ ಸೈನ್ಯ ಸೇರುವುದು ಹೊಸ ಸಂಗತಿಯಲ್ಲ. ಕೈಲ್ ಮುಹೂರ್ತದ ದಿನ ಕೋವಿ, ಪೀಚೆಕತ್ತಿಗಳನ್ನು ಪೂಜೆಗೆ ಇಡುವ ನಾಡು ಅದು. ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಭೂಸೇನೆಯ ಮುಖ್ಯಸ್ಥರಾದವರು. ಆದರೆ ಆ ಹೆಸರೆಲ್ಲ ನೆಲದ ಮೇಲಿನ ಯುದ್ಧದ್ದು. ದೇವಯ್ಯ ಅವರ ತಲೆಮಾರಿನವರು ಆಕಾಶದ ಕಡೆ ಹೊರಟರು. ಅವರು ವಾಯುಪಡೆಯ ಅಧಿಕಾರಿಯಾದದ್ದು 1954ರಲ್ಲಿ. 1965ರ ಯುದ್ಧದ ಸೂಚನೆ ಸಿಗುವ ಹೊತ್ತಿಗೆ ಸ್ಕ್ವಾಡ್ರನ್ ಲೀಡರ್ ದರ್ಜೆಯಲ್ಲಿದ್ದು, ವಾಯುಪಡೆಯ ಹಾರಾಟ ಕಾಲೇಜಿನಲ್ಲಿ ಬೋಧಕರಾಗಿದ್ದರು. ಅಲ್ಲಿಂದ ಅವರನ್ನು ಪಂಜಾಬಿನ ಆದಂಪುರಕ್ಕೆ, ನಂ. 1 ಸ್ಕ್ವಾಡ್ರನ್ನಿಗೆ ಕಳಿಸಿದರು. ಮನೆಯಲ್ಲಿ ಪತ್ನಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು.

ಬೋಧಕರಾಗಿದ್ದರು ಎಂಬುದನ್ನು ಹಗುರವಾಗಿ ದಾಟಬಾರದು. ಎಳೆ ಪೈಲಟ್ ವೇಗ ಕಳೆದುಕೊಂಡು ವಿಮಾನ ಜೋಲಿ ಹೊಡೆಯುವ ಅಂಚಿಗೆ ತಂದಾಗ ಕೈಹಾಕಿ ಅದನ್ನು ಉಳಿಸುವುದು ಬೋಧಕನ ದಿನನಿತ್ಯದ ಕೆಲಸ. ಯಾವ ವೇಗಕ್ಕೆ ರೆಕ್ಕೆ ಗಾಳಿಯ ಹಿಡಿತ ಬಿಡುತ್ತದೆ, ಅದಕ್ಕೆ ಮುಂಚೆ ವಿಮಾನ ನಡೆಸುವ ಹಿಡಿಕೋಲಿನಲ್ಲಿ ಎಂಥ ನಡುಕ ಬರುತ್ತದೆ ಎಂಬುದೆಲ್ಲ ಅವನ ಕೈಗೇ ಗೊತ್ತಿರುತ್ತದೆ. ಸೆಣಸಾಟದಲ್ಲಿ ತಿರುವು ತೆಗೆಯುವಾಗ ಬೇಕಾಗುವುದು ಇದೇ ತಿಳಿವಳಿಕೆ.

ಈಗ ವಿಮಾನದ ವಿಷಯ. ಅವರು ಹಾರಿಸಿದ್ದು ಫ್ರಾನ್ಸಿನ ಡಸ್ಸಾಲ್ಟ್ ಕಂಪನಿಯ ಮಿಸ್ಟೇರ್ 4ಎ. 1957ರಿಂದ ನಮ್ಮಲ್ಲಿದ್ದ ಈ ವಿಮಾನಕ್ಕೆ ಒಂದು ಎಂಜಿನ್, ಒಬ್ಬ ಪೈಲಟ್. ಸುಮಾರು 13 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 11 ಮೀಟರ್ ಚಿಲ್ಲರೆ. ನೆಲಮಟ್ಟದಲ್ಲಿ ಗರಿಷ್ಠ ವೇಗ ಗಂಟೆಗೆ ಸುಮಾರು 1,100 ಕಿ.ಮೀ. ನೇರ ಹಾರಾಟದಲ್ಲಿ ಶಬ್ದದ ವೇಗ ದಾಟದು, ಮೂಗು ತಗ್ಗಿಸಿ ಧುಮುಕಿದರೆ ಮಾತ್ರ ದಾಟೀತು. ಎಂಜಿನ್ನಿನ ಹಿಂದೆ ಇನ್ನಷ್ಟು ಇಂಧನ ಉರಿಸಿ ಹೆಚ್ಚುವರಿ ನೂಕುಬಲ ಕೊಡುವ ಆಫ್ಟರ್‌ಬರ್ನರ್ ಇಲ್ಲ. ಕ್ಷಿಪಣಿ ಇಲ್ಲ. ಶತ್ರುವನ್ನು ದೂರದಿಂದ ಪತ್ತೆ ಹಚ್ಚುವ ರಾಡಾರ್ ಇಲ್ಲ. ಕಣ್ಣೇ ರಾಡಾರ್. ನೆಲದ ಗುರಿಗಳಿಗೆಂದು ರೆಕ್ಕೆಯಡಿ ಬಾಂಬು ಅಥವಾ ರಾಕೆಟ್ ಕಟ್ಟುತ್ತಿದ್ದರು. ಆಕಾಶದ ಸೆಣಸಿಗೆ ಇದ್ದದ್ದು ಮೂಗಿನ ಕೆಳಗಿನ ಎರಡು 30 ಮಿ.ಮೀ. ಡೆಫಾ ಫಿರಂಗಿಗಳು. ಒಂದೊಂದಕ್ಕೆ 150 ಗುಂಡು. ಈ ಫಿರಂಗಿ ನಿಮಿಷಕ್ಕೆ 1,200ಕ್ಕಿಂತ ಹೆಚ್ಚು ಗುಂಡು ಉಗುಳುತ್ತದೆ. ಲೆಕ್ಕ ಹಾಕಿ ನೋಡಿ: ಗುಂಡಿ ಒತ್ತಿ ಹಿಡಿದರೆ ಏಳು ಸೆಕೆಂಡಿನ ಆಚೀಚೆ ಎಲ್ಲ ಖಾಲಿ. ಆದ್ದರಿಂದ ಅರ್ಧ ಸೆಕೆಂಡು, ಒಂದು ಸೆಕೆಂಡಿನ ಹೊಡೆತಗಳಲ್ಲೇ ಕೆಲಸ ಮುಗಿಸಬೇಕು. ಅದಕ್ಕೆ ಪ್ರತಿಯಾಗಿ 30 ಮಿ.ಮೀ. ಗುಂಡಿನ ಪೆಟ್ಟು ಭಾರೀ. ಎರಡು ಮೂರು ತಗುಲಿದರೂ ಜೆಟ್ ವಿಮಾನವೊಂದರ ಬಾಳು ಮುಗಿಯಬಹುದು.

ಎದುರಾಳಿಯದು ಬೇರೆಯೇ ಲೋಕ. ಅಮೆರಿಕದ ಲಾಕ್‌ಹೀಡ್ ಎಫ್-104 ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ ವಿಮಾನ. 1961ರಲ್ಲಿ ಪಾಕಿಸ್ತಾನಕ್ಕೆ ಹನ್ನೆರಡು ಬಂದಿದ್ದವು, ಅವುಗಳ ನೆಲೆ ಸರ್ಗೋಧಾದ ನಂ. 9 ಸ್ಕ್ವಾಡ್ರನ್. ಸೈಡ್‌ವೈಂಡರ್ ಕ್ಷಿಪಣಿ, ಆರು ನಳಿಗೆ ಗಿರಗಿರನೆ ತಿರುಗುತ್ತಾ ಹೊಡೆಯುವ 20 ಮಿ.ಮೀ. ವಲ್ಕನ್ ಫಿರಂಗಿ, ರಾಡಾರ್, ಆಫ್ಟರ್‌ಬರ್ನರ್ ಎಲ್ಲವೂ ಅದರಲ್ಲಿತ್ತು. ಆ ಕಾಲದ ನಮ್ಮ ಪೈಲಟ್‌ಗಳಿಗೆ ಅದರ ಹೆಸರು ಕೇಳಿದರೇ ಎಚ್ಚರ ಹೆಚ್ಚುತ್ತಿತ್ತು. ಹಾಗೆಂದು ಅದು ಎಲ್ಲ ಕಡೆಯೂ ಸರ್ವಶಕ್ತವಲ್ಲ. ಎರಡು ಪಟ್ಟು ಶಬ್ದವೇಗ ಎಂಬುದು ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ತೆಳುಗಾಳಿಯ ಮಾತು. ನೆಲದ ಹತ್ತಿರದ ದಟ್ಟ ಗಾಳಿಯಲ್ಲಿ ಆ ವೇಗ ಬರುವುದಿಲ್ಲ. ಇನ್ನೊಂದು ದೌರ್ಬಲ್ಯ ಅದರ ರೆಕ್ಕೆ. ಸ್ಟಾರ್‌ಫೈಟರ್ ರೆಕ್ಕೆಯ ವಿಸ್ತೀರ್ಣ ಸುಮಾರು 18 ಚದರ ಮೀಟರ್, ಮಿಸ್ಟೇರ್‌ನದು 32. ಸ್ಟಾರ್‌ಫೈಟರ್ ಭಾರವೂ ಹೆಚ್ಚು. ಪ್ರತಿ ಚದರ ಮೀಟರ್ ರೆಕ್ಕೆ ಹೊರಬೇಕಾದ ತೂಕ ಅದರಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಆ ತೂಕ ಹೆಚ್ಚಿದ್ದಷ್ಟೂ ವಿಮಾನದ ತಿರುವು ಅಗಲವಾಗುತ್ತದೆ. ಆದ್ದರಿಂದ ಸ್ಟಾರ್‌ಫೈಟರ್ ಪೈಲಟ್‌ಗೆ ಕಲಿಸುತ್ತಿದ್ದ ಮೊದಲ ಪಾಠವೇ ಇದು: ವೇಗದಲ್ಲಿ ಬಾ, ಹೊಡಿ, ವೇಗದಲ್ಲೇ ಹೊರಟುಹೋಗು. ತನಗಿಂತ ನಿಧಾನದ, ಚುರುಕು ತಿರುವಿನ ವಿಮಾನದ ಜೊತೆ ಸುತ್ತಾಟಕ್ಕೆ ಇಳಿಯಬೇಡ.

ಸೆಪ್ಟೆಂಬರ್ 6ರ ಬೆಳಿಗ್ಗೆ ಭಾರತೀಯ ಸೇನೆ ಲಾಹೋರ್ ದಿಕ್ಕಿನಲ್ಲಿ ಗಡಿ ದಾಟಿತು. ಅಂದು ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್, ಆದಂಪುರ, ಹಲ್ವಾರಾ ನೆಲೆಗಳ ಮೇಲೆ ಎರಗಿದವು. ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳು ಸುಟ್ಟುಹೋದವು. ಮಾರನೆಯ ಬೆಳಿಗ್ಗೆಯೇ ಉತ್ತರ ಕೊಡಬೇಕಿತ್ತು, ಗುರಿ ಸರ್ಗೋಧಾ, ಪಾಕಿಸ್ತಾನ ವಾಯುಪಡೆಯ ಹೃದಯದಂಥ ನೆಲೆ. ಆದಂಪುರದಿಂದ ಹನ್ನೆರಡು ಮಿಸ್ಟೇರ್‌ಗಳ ಮೊದಲ ದಾಳಿ, ಮುಂದಾಳು ಸ್ಕ್ವಾಡ್ರನ್ನಿನ ಕಮಾಂಡಿಂಗ್ ಅಧಿಕಾರಿ ವಿಂಗ್ ಕಮಾಂಡರ್ ಒ.ಪಿ. ತನೇಜಾ. ದೇವಯ್ಯ ಅವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಮೀಸಲು.

ಮೀಸಲು ಎಂದರೆ ಮನೆಯಲ್ಲಿ ಕೂರುವುದಲ್ಲ. ಹನ್ನೆರಡು ಜೆಟ್‌ಗಳನ್ನು ಒಟ್ಟಿಗೆ ಎಬ್ಬಿಸುವಾಗ ಒಂದೆರಡು ಕೈಕೊಡುವುದು ಸಾಮಾನ್ಯ. ಎಂಜಿನ್ ಹೊತ್ತಿಕೊಳ್ಳದಿರಬಹುದು, ಹೈಡ್ರಾಲಿಕ್ ಒತ್ತಡ ಏರದಿರಬಹುದು, ರೇಡಿಯೋ ಸತ್ತಿರಬಹುದು. ಇನ್ನು ರೆಕ್ಕೆಯಡಿಯ ಹೆಚ್ಚುವರಿ ಟ್ಯಾಂಕಿನಿಂದ ಇಂಧನ ಹರಿಯದಿರುವ ತೊಂದರೆ ಗೊತ್ತಾಗುವುದು ಮೇಲೆ ಹೋದ ಮೇಲೆಯೇ. ಒಳಟ್ಯಾಂಕಿನ ಮುಳ್ಳು ಇಳಿಯಲು ಶುರುವಾದಾಗ ಪೈಲಟ್ ಹಿಂತಿರುಗಲೇಬೇಕು. ಅದಕ್ಕೇ ಮೀಸಲು ಪೈಲಟ್ ಎಲ್ಲರಂತೆ ಇಡೀ ಬ್ರೀಫಿಂಗ್ ಕೇಳಿ, ಅದೇ ನಕ್ಷೆ ಗುರುತು ಮಾಡಿಕೊಂಡು, ಮದ್ದುಗುಂಡು ತುಂಬಿದ ವಿಮಾನದಲ್ಲಿ ಕೂತು ಎಂಜಿನ್ ಓಡಿಸುತ್ತಾ ಕಾಯುತ್ತಾನೆ. ಯಾರೂ ಬಿಡದಿದ್ದರೆ ಇಳಿದು ಬರಬೇಕು. ಆ ಬೆಳಿಗ್ಗೆ ಒಂದು ವಿಮಾನ ಹಿಂದೆ ಉಳಿಯಿತು, ದೇವಯ್ಯ ಅವರು ಆ ಜಾಗ ತುಂಬಿದರು.

ಹೊರಟದ್ದು ಕತ್ತಲಲ್ಲಿ, ಗುರಿ ತಲುಪಬೇಕಾದದ್ದು ಆರು ಗಂಟೆಗೆ ಸ್ವಲ್ಪ ಮುಂಚೆ. ಸೆಪ್ಟೆಂಬರ್ ಮೊದಲ ವಾರ ಸರ್ಗೋಧಾದಲ್ಲಿ ಸೂರ್ಯ ಹುಟ್ಟುವುದು ನಮ್ಮ ಗಡಿಯಾರದ ಪ್ರಕಾರ ಆರೂಕಾಲರ ಸುಮಾರಿಗೆ. ಅಂದರೆ ದಾರಿಯ ಬಹುಭಾಗ ನೆಲ ಕಾಣುವುದೂ ಇಲ್ಲ, ಕಾಣದೆಯೂ ಇಲ್ಲ ಎಂಬಂಥ ಮಬ್ಬು. ಆದಂಪುರದಿಂದ ಸರ್ಗೋಧಾಕ್ಕೆ ನೇರ ರೇಖೆಯಲ್ಲಿ ಸುಮಾರು 300 ಕಿ.ಮೀ. ಬಿಯಾಸ್, ರಾವಿ, ಚೆನಾಬ್, ಹೀಗೆ ಮೂರು ನದಿ ದಾಟಬೇಕು. ದಾರಿ ಹುಡುಕಲು ದಿಕ್ಸೂಚಿ, ಕೈಗಡಿಯಾರ, ತೊಡೆಗೆ ಕಟ್ಟಿದ ನಕ್ಷೆ ಇಷ್ಟೇ. ಇಂಥ ದಿಕ್ಕು, ಇಂಥ ವೇಗ, ಇಷ್ಟು ನಿಮಿಷ. ಆಗ ಕೆಳಗೆ ನದಿ ಹೊಳೆಯಬೇಕು. ಹೊಳೆಯದಿದ್ದರೆ ಎಲ್ಲೋ ತಪ್ಪಿದೆ. ಗಂಟೆಗೆ 750 ಕಿ.ಮೀ. ವೇಗದಲ್ಲಿ ಎರಡೇ ಡಿಗ್ರಿ ದಿಕ್ಕು ತಪ್ಪಿದರೂ 300 ಕಿ.ಮೀ. ಹೋಗುವಷ್ಟರಲ್ಲಿ ಹತ್ತು ಕಿ.ಮೀ. ಪಕ್ಕಕ್ಕೆ ಸರಿದಿರುತ್ತೇವೆ. ಮಬ್ಬಿನಲ್ಲಿ ಹತ್ತು ಕಿ.ಮೀ. ಆಚೆಯ ರನ್‌ವೇ ಕಾಣುವುದಿಲ್ಲ.

ಯಾಕೆ ಅಷ್ಟು ತಗ್ಗಿನಲ್ಲಿ, ಮರದ ತುದಿ ಸವರುವಂತೆ ಹೋಗಬೇಕು? ರಾಡಾರ್ ಅಲೆ ನೇರಕ್ಕೆ ಸಾಗುತ್ತದೆ, ಭೂಮಿಯ ಉಬ್ಬು ಅದನ್ನು ಮರೆಮಾಡುತ್ತದೆ. ಬಯಲಿನಲ್ಲಿರುವ ರಾಡಾರಿಗೆ 30 ಮೀಟರ್ ಎತ್ತರದ ವಿಮಾನ ಕಾಣುವುದು ಸುಮಾರು 35 ಕಿ.ಮೀ. ಒಳಗೆ ಬಂದಾಗ. 750 ಕಿ.ಮೀ. ವೇಗಕ್ಕೆ ಅದು ಮೂರು ನಿಮಿಷದ ದಾರಿ. ಎಚ್ಚರಿಕೆ ಗಂಟೆ ಬಾರಿಸಿ, ಪೈಲಟ್ ಓಡಿ ಹತ್ತಿ, ಮೇಲೇರುವಷ್ಟು ಸಮಯ ಅದಲ್ಲ. ಅದೇ ಕಾರಣಕ್ಕೆ ರೇಡಿಯೋದಲ್ಲಿ ಒಂದು ಮಾತೂ ಆಡುವಂತಿಲ್ಲ. ಇಷ್ಟಾದರೂ ಬೆಲೆ ತೆರಲೇಬೇಕು. ತಗ್ಗಿನ ದಟ್ಟ ಗಾಳಿಯಲ್ಲಿ ಜೆಟ್ ಎಂಜಿನ್ ಎತ್ತರದಲ್ಲಿ ಕುಡಿಯುವುದಕ್ಕಿಂತ ಎರಡು ಪಟ್ಟಿನಷ್ಟು ಇಂಧನ ಕುಡಿಯುತ್ತದೆ. ಮಿಸ್ಟೇರ್‌ಗೆ ಸರ್ಗೋಧಾ ಕೈಗೆಟಕುವ ಕೊನೆಯ ಕೊಂಬೆ. ಹೋಗಿ, ಹೊಡೆದು, ತಿರುಗಿ ಬರುವಷ್ಟು ಇಂಧನವಿತ್ತು. ನಡುದಾರಿಯಲ್ಲಿ ನಿಂತು ಕಾದಾಡುವಷ್ಟು ಇರಲಿಲ್ಲ. ಸರ್ಗೋಧಾದಿಂದ ಗಡಿಗೆ ಸುಮಾರು 180 ಕಿ.ಮೀ., ಪೂರ್ತಿ ವೇಗದಲ್ಲೂ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲ. ಎಂಜಿನ್ ಪೂರ್ತಿ ತೆರೆದು ನಾಲ್ಕೈದು ನಿಮಿಷ ಸೆಣಸಿದರೆ ಮನೆ ಸೇರುವ ಇಂಧನ ಆವಿಯಾದಂತೆಯೇ. ಈ ಲೆಕ್ಕ ಅಂದು ಹಾರಿದ ಪ್ರತಿಯೊಬ್ಬರ ತಲೆಯಲ್ಲೂ ಇತ್ತು.

ದಾಳಿ ನಡೆಯಿತು. ನೆಲದ ಮೇಲೆ ಎಷ್ಟು ಹಾನಿಯಾಯಿತು ಎಂಬುದರಲ್ಲಿ ಎರಡು ದೇಶಗಳ ಲೆಕ್ಕ ಇಂದಿಗೂ ಹೊಂದುವುದಿಲ್ಲ, ಅದು ಬೇರೆಯೇ ಚರ್ಚೆ. ಹೊಡೆದವರು ಪೂರ್ವಕ್ಕೆ ತಿರುಗಿ, ನೆಲಕ್ಕಂಟಿಕೊಂಡು ವೇಗವಾಗಿ ಹೊರಟರು. ಇಂಥ ದಾಳಿಗಳಲ್ಲಿ ಅತಿ ಅಪಾಯದ ಹೊತ್ತು ಇದೇ. ಬರುವಾಗ ಶತ್ರುವಿಗೆ ಗೊತ್ತಿರುವುದಿಲ್ಲ. ಹೋಗುವಾಗ ಗೊತ್ತಿರುತ್ತದೆ, ಯಾವ ದಿಕ್ಕಿಗೆ ಹೋಗುತ್ತೀರಿ ಎಂಬುದೂ ಗೊತ್ತಿರುತ್ತದೆ. ಸಾಲಿನ ಕೊನೆಯಲ್ಲಿ ಇರುವವನ ಬೆನ್ನು ಕಾಯಲು ಯಾರೂ ಇರುವುದಿಲ್ಲ.

ಪಾಕಿಸ್ತಾನದ ಕಡೆ ಆ ಹೊತ್ತಿಗೆ ಆಕಾಶದಲ್ಲಿದ್ದದ್ದು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್. ಅವರು ಹಿಂತಿರುಗುತ್ತಿದ್ದ ಮಿಸ್ಟೇರ್ ಒಂದನ್ನು ಕಂಡು ಬೆನ್ನಟ್ಟಿದರು. ಮುಂದಿನದು ಪಾಕಿಸ್ತಾನದ ಕಡೆಯಿಂದಲೇ ಬಂದ ವಿವರ. ಮೊದಲು ಸೈಡ್‌ವೈಂಡರ್ ಬಿಟ್ಟರು. ಅದು ನೆಲಕ್ಕೆ ಬಡಿಯಿತು. ಆ ಕಾಲದ ಸೈಡ್‌ವೈಂಡರ್ ಎಂಜಿನ್ನಿನ ಬಿಸಿಯನ್ನು ಹಿಂದಿನಿಂದ ಅರಸಿ ಹೋಗುವಂಥದು. ತೆರೆದ ಆಕಾಶದ ಹಿನ್ನೆಲೆಯಿದ್ದರೆ ಸರಿ, ನೆಲದ ಹಿನ್ನೆಲೆ ಬಂದರೆ ಗುರಿಯ ಬಿಸಿ ಯಾವುದು, ಮಣ್ಣಿನ ಬಿಸಿ ಯಾವುದು ಎಂದು ಬಿಡಿಸಿ ನೋಡಲಾರದು. ಜೊತೆಗೆ, ಬಿಟ್ಟ ಕೂಡಲೇ ಸ್ವಲ್ಪ ಕೆಳಗಿಳಿದು ಸಾಗುವ ಕ್ಷಿಪಣಿಗೆ ಮರದ ಎತ್ತರದಲ್ಲಿ ಇಳಿಯಲು ಜಾಗವೆಲ್ಲಿ? ದೇವಯ್ಯ ಅವರು ನೆಲಕ್ಕಂಟಿ ಹಾರುತ್ತಿದ್ದದ್ದು ಒಮ್ಮೆ ಅವರನ್ನು ಉಳಿಸಿತು ಎನ್ನಬೇಕು.

ಆಮೇಲೆ ಅಮ್ಜದ್ ಹುಸೇನ್ ಹತ್ತಿರ ಬಂದು ವಲ್ಕನ್ ಫಿರಂಗಿಯಿಂದ ಹೊಡೆದರು. ಮಿಸ್ಟೇರ್‌ಗೆ ಗುಂಡು ತಗುಲಿತು. ಕೆಲಸ ಮುಗಿಯಿತೆಂದು ಅವರು ಬೇರೆ ಕಡೆ ಗಮನ ಹರಿಸಿದರು. ಮುಗಿದಿರಲಿಲ್ಲ. ಪೆಟ್ಟು ತಿಂದ ಮಿಸ್ಟೇರ್ ಇನ್ನೂ ಹಾರುತ್ತಿತ್ತು, ತಿರುಗಿ ಸ್ಟಾರ್‌ಫೈಟರ್ ಮೇಲೇ ಬಂತು. ಅಲ್ಲಿಂದ ಮುಂದಿನದು ತೀರ ಕಡಿಮೆ ಎತ್ತರದ, ತಿರುವುಗಳ ಸೆಣಸು. ಸ್ಟಾರ್‌ಫೈಟರ್ ಯಾವುದಕ್ಕೆ ಇಳಿಯಬಾರದೋ ಅದಕ್ಕೇ ಇಳಿದಿತ್ತು. ತಿರುವು ಬಿಗಿಯಾದಂತೆ ಆ ಪುಟ್ಟ ರೆಕ್ಕೆ ವೇಗವನ್ನು ತಿನ್ನುತ್ತಾ ಹೋಗುತ್ತದೆ. ಮತ್ತೆ ವೇಗ ಗಳಿಸಲು ಮೂಗು ತಗ್ಗಿಸೋಣವೆಂದರೆ ಕೆಳಗೆ ನೆಲ. ದೊಡ್ಡ ರೆಕ್ಕೆಯ ಮಿಸ್ಟೇರ್ ಆ ವೃತ್ತದ ಒಳಗೆ ತಿರುಗಬಲ್ಲದು, ಒಳಗೆ ತಿರುಗಿದವನಿಗೆ ಎದುರಾಳಿ ಗುರಿಗಾಜಿನೊಳಗೆ ಬರುತ್ತಾನೆ. ದೇವಯ್ಯ ಅವರ ಡೆಫಾ ಫಿರಂಗಿಯ ಗುಂಡುಗಳು ಸ್ಟಾರ್‌ಫೈಟರ್‌ಗೆ ಬಡಿದವು. ಅದು ಹಿಡಿತ ತಪ್ಪಿತು. ಅಮ್ಜದ್ ಹುಸೇನ್ ಸೀಟು ಹಾರಿಸಿಕೊಂಡು ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು.

ದೇವಯ್ಯ ಅವರ ವಿಮಾನವೂ ಅಲ್ಲೇ, ಪಾಕಿಸ್ತಾನದ ಪಂಜಾಬಿನ ಹೊಲಗಳ ನಡುವೆ ಬಿತ್ತು. ಅವರು ಹೊರಬರಲಾಗಲಿಲ್ಲ. ಇಂದಿನ ಸೀಟುಗಳು ನಿಂತ ವಿಮಾನದಿಂದಲೂ ಪೈಲಟ್‌ನನ್ನು ಉಳಿಸಬಲ್ಲವು. ಆ ತಲೆಮಾರಿನವಕ್ಕೆ ಪ್ಯಾರಾಚೂಟ್ ಬಿಚ್ಚಿಕೊಳ್ಳುವಷ್ಟು ಎತ್ತರ ಬೇಕಿತ್ತು. ಮರದ ಎತ್ತರದಲ್ಲಿ, ಓರೆಯಾಗಿ ತಿರುಗುತ್ತಿರುವ ವಿಮಾನದಲ್ಲಿ ಆ ಎತ್ತರ ಸಿಗುವುದು ಕಷ್ಟ. ಅವರ ದೇಹವನ್ನು ಅಲ್ಲಿನ ಹಳ್ಳಿಯವರೇ ಮಣ್ಣು ಮಾಡಿದರು. ಆಗ ಅವರಿಗೆ 32 ವರ್ಷ, ಎಂಟು ತಿಂಗಳು.

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ವಿಮಾನಕ್ಕೆ ಪೆಟ್ಟು ಬಿದ್ದ ಮೇಲೆ ದೇವಯ್ಯ ಅವರ ಮುಂದೆ ಇದ್ದ ದಾರಿಗಳು ಎರಡು. ಒಂದು, ನೇರ ಪೂರ್ವಕ್ಕೆ ಓಡುವುದು. ಹಿಂದೆ ತನಗಿಂತ ವೇಗದ ವಿಮಾನವಿದೆ, ಗಡಿ ಹತ್ತು ನಿಮಿಷಕ್ಕಿಂತ ದೂರ, ನೇರ ಓಡುವವನ ಬೆನ್ನು ಅತಿ ಸುಲಭದ ಗುರಿ. ಇನ್ನೊಂದು, ಎದುರಾಳಿಯನ್ನು ತನ್ನ ವಿಮಾನಕ್ಕೆ ಅನುಕೂಲವಾದ ಆಟಕ್ಕೆ ಎಳೆಯುವುದು. ಅದರಲ್ಲಿ ಗೆದ್ದರೂ ಇಂಧನ ಮುಗಿಯುತ್ತದೆ. ಮುಂದೆ ಪೂರ್ವಕ್ಕೆ ಹೋಗುತ್ತಿದ್ದ ಜೊತೆಗಾರರಿದ್ದರು, ಅವರ ಬೆನ್ನ ಮೇಲೆ ಆ ಸ್ಟಾರ್‌ಫೈಟರ್ ಹೋಗಬಹುದಿತ್ತು. ಅವರ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ನನಗೆ ಹಕ್ಕಿಲ್ಲ. ಆದರೆ ವಿಮಾನಗಳ ಲೆಕ್ಕ ನೋಡಿದರೆ ಅವರು ತೆಗೆದ ತಿರುವು ಒಬ್ಬ ಬೋಧಕ ಹಲಗೆಯ ಮೇಲೆ ಬರೆದು ತೋರಿಸುವಂಥದು. ಸ್ಟಾರ್‌ಫೈಟರನ್ನು ಮಿಸ್ಟೇರ್ ಸೋಲಿಸಬಹುದಾದ ದಾರಿ ಅದೊಂದೇ ಇತ್ತು, ಅವರು ಅದನ್ನೇ ಹಿಡಿದರು.

ಆದಂಪುರದಲ್ಲಿ ಇದೊಂದೂ ತಿಳಿಯಲಿಲ್ಲ. ಇಳಿದ ವಿಮಾನಗಳಲ್ಲಿ ಒಂದು ಕಡಿಮೆ, ಅಷ್ಟೇ. ಸೆಣಸು ನಡೆದಾಗ ಜೊತೆಗಾರರು ಮುಂದೆ ಹೋಗಿದ್ದರು, ರೇಡಿಯೋ ಮೌನವಿತ್ತು, ನಮ್ಮ ಯಾವ ರಾಡಾರಿಗೂ ಆ ಜಾಗ ಕಾಣುವಂತಿರಲಿಲ್ಲ. ಫಿರಂಗಿ ಹೊಡೆದಾಗ ಚಿತ್ರ ಹಿಡಿಯುವ ಕ್ಯಾಮೆರಾ ವಿಮಾನದ ಜೊತೆಯೇ ಹೋಗಿತ್ತು. ಮೊದಲು 'ಕಾಣೆಯಾಗಿದ್ದಾರೆ' ಎಂದು ದಾಖಲಾಯಿತು, ಯುದ್ಧ ಮುಗಿದು ಕೈದಿಗಳ ವಿನಿಮಯವಾದಾಗಲೂ ಅವರು ಬರಲಿಲ್ಲ. ಅದೇ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಮಗ ಕೆ.ಸಿ. ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನವೂ ಸೆಪ್ಟೆಂಬರ್ 22ರಂದು ಉರುಳಿತ್ತು. ಅವರು ಸೆರೆಸಿಕ್ಕರು, 1966ರಲ್ಲಿ ಹಿಂತಿರುಗಿದರು. ಕೊಡಗಿನ ಒಂದು ಮನೆಗೆ ಮಗ ಬಂದ, ಇನ್ನೊಂದಕ್ಕೆ ಕಾಗದ ಮಾತ್ರ ಬಂತು. ಕೊಡವರ ಮನೆಯಲ್ಲಿ ಸಾವಾದರೆ ಕೋವಿಯಿಂದ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯಿದೆ. 'ಕಾಣೆಯಾಗಿದ್ದಾರೆ' ಎಂಬ ಮಾತಿಗೆ ಅಂಥ ಯಾವ ಪದ್ಧತಿಯೂ ಇಲ್ಲ.

ದೇವಯ್ಯ ಅವರಿಗೆ ಮಹಾವೀರ ಚಕ್ರ ಪದಕ ಯಾಕೆ ತಡವಾಯಿತು ಎಂದು ಸರ್ಕಾರವನ್ನು ಬೈಯುವ ಬರಹಗಳನ್ನು ಕಂಡಿದ್ದೇನೆ. ಯುದ್ಧಕಾಲದ ಶೌರ್ಯ ಪದಕಕ್ಕೆ ಒಂದು ಕ್ರಮವಿದೆ. ಕಮಾಂಡಿಂಗ್ ಅಧಿಕಾರಿ ಬರೆದು ಶಿಫಾರಸು ಮಾಡಬೇಕು, ಏನು ನಡೆಯಿತು ಎಂಬುದಕ್ಕೆ ಸಾಕ್ಷಿ ಬೇಕು. 1965ರಲ್ಲಿ ತನೇಜಾ ಅವರ ಕೈಯಲ್ಲಿ ಇದ್ದದ್ದು ಬಾರದ ವಿಮಾನ ಒಂದೇ. ಅದನ್ನು ಇಟ್ಟುಕೊಂಡು ಏನನ್ನು ಬರೆಯುವುದು?

ಸಾಕ್ಷಿ ಬಂದದ್ದು ಗಡಿಯಾಚೆಯಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನ ವಾಯುಪಡೆಯ ನೆರವು ಪಡೆದು 1965ರ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕ 1979ರಲ್ಲಿ ಹೊರಬಂತು. ಸೆಪ್ಟೆಂಬರ್ 7ರ ಬೆಳಿಗ್ಗೆ ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ಜೊತೆಗಿನ ಸೆಣಸಿನಲ್ಲಿ ಬಿದ್ದ ಸಂಗತಿ ಅದರಲ್ಲಿತ್ತು. ಮಿಸ್ಟೇರ್‌ನ ಪೈಲಟ್ ಯಾರೆಂಬುದು ಇರಲಿಲ್ಲ. ಭಾರತೀಯ ವಾಯುಪಡೆಯ ಇತಿಹಾಸ ಬರೆಯುವ ಕೆಲಸದಲ್ಲಿದ್ದವರು ಅದನ್ನು ಗಮನಿಸಿದರು, ತನೇಜಾ ಅವರನ್ನು ಕೇಳಿದರು. ಉತ್ತರ ಕಳೆಯುವ ಲೆಕ್ಕದಷ್ಟು ಸರಳ. ಆ ದಾಳಿಗೆ ಹೋದ ಮಿಸ್ಟೇರ್‌ಗಳಲ್ಲಿ ಹಿಂತಿರುಗದ್ದು ಒಂದೇ. ಹಿಂತಿರುಗಿದವರಲ್ಲಿ ಯಾರೂ ಸ್ಟಾರ್‌ಫೈಟರ್ ಹೊಡೆದಿರಲಿಲ್ಲ. ಹಾಗಾದರೆ ಅದು ದೇವಯ್ಯ ಅವರೇ. ನಿವೃತ್ತರಾಗಿದ್ದ ತನೇಜಾ ತಮ್ಮ ಪೈಲಟ್‌ಗೆ ಸಲ್ಲಬೇಕಾದದ್ದು ಸಲ್ಲಲಿ ಎಂದು ಬರೆದರು. 1988ರಲ್ಲಿ, ಅಂದರೆ 23 ವರ್ಷಗಳ ನಂತರ, ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರಿಂದ ದೇವಯ್ಯ ಅವರ ಪತ್ನಿ ಪದಕ ಸ್ವೀಕರಿಸಿದರು.

ಪಾಕಿಸ್ತಾನದ ಒಂದು ಕಡೆಯವರು ಸ್ಟಾರ್‌ಫೈಟರ್ ಬಿದ್ದದ್ದು ಗುಂಡಿನಿಂದಲ್ಲ, ಒಡೆದ ಮಿಸ್ಟೇರ್‌ನ ಚೂರುಗಳಿಗೆ ಡಿಕ್ಕಿ ಹೊಡೆದು ಎಂದು ಬಹುಕಾಲ ಹೇಳುತ್ತಿದ್ದರು. ಅಲ್ಲಿನ ವಾಯುಪಡೆಯ ನಿವೃತ್ತ ಅಧಿಕಾರಿಯೂ ಇತಿಹಾಸಕಾರರೂ ಆದ ಕೈಸರ್ ತುಫೈಲ್ ಈ ಪ್ರಸಂಗವನ್ನು ಮತ್ತೆ ಶೋಧಿಸಿ, ದೇವಯ್ಯ ಅವರ ಗುಂಡಿಗೇ ಸ್ಟಾರ್‌ಫೈಟರ್ ಬಿದ್ದದ್ದು ಎಂದು ಬರೆದರು. ಎದುರು ಪಕ್ಷದವರೊಬ್ಬರು ತಮ್ಮ ಪಡೆಯ ಹಳೆಯ ಹೇಳಿಕೆಯನ್ನು ತಿದ್ದಿ ಸತ್ಯ ಬರೆಯಲು ಗಟ್ಟಿತನ ಬೇಕು. ದೇವಯ್ಯ ಅವರ ಕತೆ ಹೇಳುವ ನಾವು ಅದನ್ನು ಮರೆಯಬಾರದು.

ತಪ್ಪು ಮಾಹಿತಿಗಳ ಬಗ್ಗೆ ಎರಡು ಮಾತು. ಅವರಿಗೆ ಪರಮವೀರ ಚಕ್ರ ಬಂತೆಂದು ಕೆಲವರು ಬರೆಯುತ್ತಾರೆ. ಇಲ್ಲ, ಮಹಾವೀರ ಚಕ್ರ. ವಾಯುಪಡೆಯಲ್ಲಿ ಪರಮವೀರ ಚಕ್ರ ಪಡೆದವರು ಒಬ್ಬರೇ, 1971ರ ನಿರ್ಮಲ್‌ಜಿತ್ ಸಿಂಗ್ ಸೆಖೋನ್. ದೇವಯ್ಯ ಅವರು ಉರುಳಿಸಿದ್ದು ಪಾಕಿಸ್ತಾನದ ಸೇಬರ್ ವಿಮಾನ ಎಂಬ ಮಾತೂ ಓಡಾಡುತ್ತಿದೆ. ಆ ದಿನ ಸರ್ಗೋಧಾದ ಮೇಲೆ ಸೇಬರ್‌ಗಳೂ ನಮ್ಮ ಹಂಟರ್‌ಗಳೂ ಕಾದಾಡಿದ್ದು ನಿಜ, ಆದರೆ ಅದು ಸ್ವಲ್ಪ ಹೊತ್ತಿನ ನಂತರದ ಬೇರೆ ಪ್ರಸಂಗ.

ದೆಹಲಿಗೆ ಹೋದವರು ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಅಲ್ಲಿ ಒಂದು ಮಿಸ್ಟೇರ್ 4ಎ ಇದೆ. ಹೆಚ್ಚಿನವರು ದೂರದಿಂದ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನೀವು ಮೂಗಿನ ಮುಂದೆ ನಿಂತು ಸ್ವಲ್ಪ ಬಗ್ಗಿ ನೋಡಿ. ಗಾಳಿ ಒಳಗೆಳೆಯುವ ಅಗಲ ಬಾಯಿಯ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಫಿರಂಗಿಯ ಜಾಗ. ಆಮೇಲೆ ಪಕ್ಕಕ್ಕೆ ಸರಿದು ರೆಕ್ಕೆಯ ಅಗಲ ನೋಡಿ, ಹಿಂದಕ್ಕೆ ಬಾಗಿದ ಆ ರೆಕ್ಕೆಯ ಮೇಲೆಯೇ ಅವರು ಅಂದು ತಿರುಗಿದ್ದು.